ಹೇಗ್ ವಕೀಲರು

ಬೆಂಗಳೂರಿನ ಯಾವ ಕೋರ್ಟಿಗೆ ಹೋದರೂ ಇವರಲ್ಲಿ ಒಬ್ಬರಾದರೂ ಸಿಗುತ್ತಾರೆ. ಸಿಟಿ ಸಿವಿಲ್ ಕೋರ್ಟಿನ ಲಿಫ್ಟಿನ ಮುಂದೆ, ಮೇಯೋ ಹಾಲಿನ ಮೆಟ್ಟಿಲ ಮೇಲೆ, ಹೈಕೋರ್ಟಿನ ಕ್ಯಾಂಟೀನಿನ ಮೂಲೆ ಮೇಜಿನಲ್ಲಿ. ವೇಷದಿಂದ ಗುರುತು ಹಿಡಿಯಲಾಗದು. ಕರಿ ಕೋಟು, ಬಿಳಿ ಬ್ಯಾಂಡು ಎಲ್ಲರಿಗೂ ಒಂದೇ. ಗುರುತು ಸಿಗುವುದು ಬಾಯಿ ತೆರೆದಾಗ. ಬೇರೆ ವಕೀಲರು “ನೆಲಮಂಗಲದಲ್ಲಿ ಒಂದು ಮ್ಯಾಟರ್ ಇತ್ತು” ಎಂದು ಶುರು ಮಾಡುವ ಕಡೆ ಇವರು “ನಾನು ಹೇಗ್‌ನಲ್ಲಿದ್ದಾಗ” ಎಂದು ಶುರು ಮಾಡುತ್ತಾರೆ. ಹೀಗಾಗಿ ಹೇಗ್ ವಕೀಲರು ಎಂಬ ಹೆಸರು ಬಿತ್ತು. ಇಟ್ಟವರು ಗುಮಾಸ್ತರು. ವಕೀಲರಿಗೆ ಅದು ಬಿರುದು.

ಬಾರ್ ಕೌನ್ಸಿಲಿನ 36ನೇ ನಿಯಮ ಇವರ ಪಾಲಿಗೆ ದೊಡ್ಡ ಅನ್ಯಾಯ. ವಕೀಲ ಜಾಹೀರಾತು ಕೊಡುವಂತಿಲ್ಲ. ನಾಮಫಲಕದಲ್ಲಾಗಲಿ ಲೆಟರ್‌ಹೆಡ್ಡಿನಲ್ಲಾಗಲಿ ತಾನು ಇಂಥ ವಿಷಯದಲ್ಲಿ ಪರಿಣತ ಎಂದು ಬರೆಯುವಂತಿಲ್ಲ. ಬರೆಯಲಾಗದ್ದನ್ನು ಹೇಳಬೇಕು, ಬೇರೆ ದಾರಿಯೇನಿದೆ? ಕಾಫಿ ತರುವ ಹುಡುಗನಿಗೂ ಲೈಡನ್ ವಿಶ್ವವಿದ್ಯಾಲಯ ಎಲ್ಲಿದೆ, ಅಲ್ಲಿಂದ ಹೇಗ್‌ಗೆ ರೈಲಿನಲ್ಲಿ ಎಷ್ಟು ಹೊತ್ತು ಎಂಬುದು ಗೊತ್ತು.

ಹೇಗ್‌ನಲ್ಲಿ ಇವರು ಏನು ಮಾಡುತ್ತಿದ್ದರು ಎಂಬುದು ಮಾತ್ರ ನಿಧಾನಕ್ಕೆ ತಿಳಿಯುವ ಸಂಗತಿ. ಕಾರ್ನೆಗಿಯ ಹಣದಲ್ಲಿ ಕಟ್ಟಿ 1913ರಲ್ಲಿ ತೆರೆದ ಪೀಸ್ ಪ್ಯಾಲೇಸಿನ ಆವರಣದಲ್ಲೇ ಹೇಗ್ ಅಕಾಡೆಮಿಯ ಬೇಸಿಗೆ ತರಗತಿಗಳೂ ನಡೆಯುತ್ತವೆ. ಅವಧಿ ಮೂರು ವಾರ. ನಮ್ಮವರ ಗೋಡೆಯ ಮೇಲಿನ ಚೌಕಟ್ಟು ಆ ಮೂರು ವಾರದ್ದು. ಅದೇ ಪ್ಯಾಲೇಸಿನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೂ ಇದೆ, ಹದಿನೈದು ನ್ಯಾಯಾಧೀಶರಿದ್ದಾರೆ, ಎಲ್ಲ ನಿಜ. ಆದರೆ ಆ ಕೋರ್ಟಿನ ಶಾಸನದ 34ನೇ ವಿಧಿಯಂತೆ ಅಲ್ಲಿ ಕಕ್ಷಿದಾರರಾಗಲು ದೇಶಗಳಿಗೆ ಮಾತ್ರ ಅವಕಾಶ. ಗಾಂಧಿನಗರದ ಲಾಡ್ಜೊಂದರ ಪಕ್ಕದ ಕಟ್ಟಡದ ಎರಡನೇ ಮಹಡಿಗೆ ಇದುವರೆಗೆ ಯಾವ ದೇಶವೂ ವಕಾಲತ್ತು ಹಿಡಿದು ಮೆಟ್ಟಿಲು ಹತ್ತಿ ಬಂದಿಲ್ಲ.

ಆ ಚೌಕಟ್ಟಿನ ಪಕ್ಕದಲ್ಲಿ ಬೆನಗಲ್ ನರಸಿಂಗ ರಾಯರ ಫೋಟೊ. ಮಂಗಳೂರಿನಲ್ಲಿ ಹುಟ್ಟಿ, ಸಂವಿಧಾನ ಸಭೆಯ ಸಲಹೆಗಾರರಾಗಿ, 1952ರಲ್ಲಿ ಹೇಗ್‌ನ ಆ ಪೀಠದಲ್ಲೇ ಕೂತವರು. ಕಕ್ಷಿದಾರರು ಫೋಟೊ ನೋಡಿ “ನಿಮ್ಮ ತಾತನಾ ಸಾರ್?” ಎಂದರೆ ನಮ್ಮವರು ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ.

ಇವರಿಗೆ ಪ್ರಿಯವಾದ ಕಥೆ ಹ್ಯೂಗೋ ಗ್ರೋಷಿಯಸ್‌ನದು. ಅಂತಾರಾಷ್ಟ್ರೀಯ ಕಾನೂನಿನ ಪಿತಾಮಹ ಎನಿಸಿಕೊಂಡ ಈ ಡಚ್ಚರವನಿಗೆ ಜೀವಾವಧಿ ಸೆರೆಯಾಗಿತ್ತು. 1621ರಲ್ಲಿ ಪುಸ್ತಕ ಸಾಗಿಸುವ ಪೆಟ್ಟಿಗೆಯೊಳಗೆ ಅಡಗಿ ಕೋಟೆಯಿಂದ ಪಾರಾದ; ಏರ್ಪಾಡೆಲ್ಲ ಹೆಂಡತಿಯದು. ನಾಲ್ಕು ವರ್ಷದ ನಂತರ ಯುದ್ಧ ಮತ್ತು ಶಾಂತಿಯ ಕಾನೂನಿನ ಬಗ್ಗೆ ಮಹಾಗ್ರಂಥ ಬರೆದ. ಇದನ್ನು ಕ್ಯಾಂಟೀನಿನಲ್ಲಿ ಹೇಳಿ ಮುಗಿಸಿ, ಕೇಳಿದವರು ಮೌನವಾಗಿ ತಲೆದೂಗುವರು ಎಂದು ಕಾದರು. ಕ್ರಿಮಿನಲ್ ಸೈಡಿನ ಹಿರಿಯರೊಬ್ಬರು ವಡೆ ಮುರಿಯುತ್ತ ಕೇಳಿದರು: “ಪೆಟ್ಟಿಗೆ ಸೀಜ್ ಮಾಡಿದ್ರಾ? ಪಂಚನಾಮೆ ಆಯ್ತಾ? ಹೆಂಡತೀನ ಎ-2 ಮಾಡಿರಬೇಕಲ್ಲ?”

ಇವರ ವಾದವನ್ನು ಒಮ್ಮೆಯಾದರೂ ಕೇಳಬೇಕು. ಬೆಂಗಳೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ತಾಲ್ಲೂಕು ಕೋರ್ಟು. ಒಂದೂಕಾಲು ಗುಂಟೆ ಒತ್ತುವರಿಯ ದಾವೆ. ನಮ್ಮವರು ವಾದಿಯ ಪರ. ಅವರ ಬಳಿ ಇದ್ದ ಅಸ್ತ್ರ ಹದ್ದುಬಸ್ತು ನಕ್ಷೆ. ಅದರಲ್ಲಿ ಗಡಿ ವಾದಿಗೆ ಅನುಕೂಲವಾಗಿಯೇ ಇತ್ತು. ಪ್ರತಿವಾದಿ ಇಷ್ಟು ವರ್ಷ ತಕರಾರು ತೆಗೆದಿರಲಿಲ್ಲ. ಇಷ್ಟನ್ನು ಹೇಳಿ ಕೂತಿದ್ದರೆ ಆಗುತ್ತಿತ್ತು. ಗೌನಿಲ್ಲದಿದ್ದರೂ ಗೌನಿನ ತುದಿ ಸರಿಮಾಡಿಕೊಳ್ಳುವಂತೆ ಕೈಯಾಡಿಸಿ ನಮ್ಮವರು ಕಾಂಬೋಡಿಯಾಕ್ಕೆ ಹೊರಟರು.

ಪ್ರೇಹ ವಿಹಾರ್ ದೇವಾಲಯದ ಕೇಸು. ಬೆಟ್ಟದ ತುದಿಯಲ್ಲೊಂದು ಗುಡಿ. ಅದು ಥಾಯ್ಲೆಂಡಿನದೋ ಕಾಂಬೋಡಿಯಾದ್ದೋ ಎಂಬ ಜಗಳ. 1904ರ ಒಪ್ಪಂದದಲ್ಲಿ ನೀರು ಎಲ್ಲಿ ಎರಡು ಕಡೆಗೆ ಒಡೆದು ಹರಿಯುತ್ತದೋ ಅದೇ ಗಡಿ ಎಂದಿತ್ತು. ಆಮೇಲೆ ಫ್ರೆಂಚ್ ಅಧಿಕಾರಿಗಳು ಮಾಡಿಕೊಟ್ಟ ನಕ್ಷೆ ಗುಡಿಯನ್ನು ಕಾಂಬೋಡಿಯಾದ ಕಡೆ ತೋರಿಸಿತು. ಸಯಾಮಿನವರು ಅದಕ್ಕೆ ತಕರಾರು ತೆಗೆಯಲಿಲ್ಲ. ಬದಲಿಗೆ ಇನ್ನಷ್ಟು ಪ್ರತಿ ಕಳಿಸಿ ಎಂದು ಕೇಳಿದರು. 1930ರಲ್ಲಿ ಅವರ ರಾಜಕುಮಾರನೇ ಗುಡಿ ನೋಡಲು ಹೋದ. ಫ್ರೆಂಚ್ ಬಾವುಟದ ಕೆಳಗೆ ಸ್ವಾಗತ ಮಾಡಿಸಿಕೊಂಡು ಸುಮ್ಮನೆ ಬಂದ. 1962ರಲ್ಲಿ ಹೇಗ್ ನ್ಯಾಯಾಲಯ ಹೇಳಿತು: ಮಾತಾಡಬೇಕಾದಾಗ ಸುಮ್ಮನಿದ್ದಿರಿ, ಈಗ ಗುಡಿ ಕಾಂಬೋಡಿಯಾದ್ದು. ಒಂಬತ್ತಕ್ಕೆ ಮೂರು ಮತ.

ಹೇಳಿದ್ದು ಅಕ್ಷರಶಃ ಸರಿ. ನಮ್ಮ ಕೇಸಿಗೆ ಹೊಂದುವ ಮಾತೂ ಹೌದು. ನ್ಯಾಯಾಧೀಶರು ಕನ್ನಡಕ ತೆಗೆದು, “ಇದು ರಿಪೋರ್ಟ್ ಆಗಿರೋದು ಐಎಲ್‌ಆರ್ ಕರ್ನಾಟಕದಲ್ಲೋ, ಎಐಆರ್‌ನಲ್ಲೋ?” ಎಂದರು.

“ಐಸಿಜೆ ರಿಪೋರ್ಟ್ಸ್, 1962, ಸ್ವಾಮಿ.”

“ಕಾಪಿ ಇದೆಯಾ?”

ಇತ್ತು. ಎಡಗಡೆ ಫ್ರೆಂಚ್, ಬಲಗಡೆ ಇಂಗ್ಲಿಷ್. ಬೆಂಚ್ ಕ್ಲರ್ಕು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೇಲಕ್ಕೆ ಕೊಟ್ಟ. ಅಷ್ಟರಲ್ಲಿ ಎದುರು ವಕೀಲರು ಎದ್ದರು. ಅದೇ ಊರಿನಲ್ಲಿ ಕೂದಲು ಬೆಳ್ಳಗಾದವರು. “ಸ್ವಾಮಿ, ಹದ್ದುಬಸ್ತಿಗೆ ಬಂದ ಸರ್ವೇಯರು ನಮ್ಮ ಕಕ್ಷಿದಾರನಿಗೆ ನೋಟೀಸು ಕೊಟ್ಟಿಲ್ಲ” ಎಂದು ಇಷ್ಟೇ ಹೇಳಿ ಕೂತರು. ನೋಟೀಸು ಜಾರಿಯಾದ ದಾಖಲೆ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ಇರಲಿಲ್ಲ. ಡೇಟ್ ಬಿತ್ತು.

ಹೊರಗೆ ಹುಣಸೆ ಮರದ ಕೆಳಗೆ ಕಕ್ಷಿದಾರ ತುಂಬ ಹೊತ್ತು ಯೋಚಿಸಿ ಕೇಳಿದ: “ಸಾರ್, ಕಾಂಬೋಡಿಯಾದವರು ಸಾಕ್ಷಿ ಹೇಳಕ್ಕೆ ಬಂದ್ರೆ ಬತ್ತೆ ನಾವೇ ಕಟ್ಟಬೇಕಾ?”

2019ರ ಜುಲೈ 17 ಇವರ ಜೀವನದ ಅತಿ ದೊಡ್ಡ ದಿನ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಹೇಗ್ ನ್ಯಾಯಾಲಯ ಹದಿನೈದಕ್ಕೆ ಒಂದು ಮತದಿಂದ ಭಾರತದ ಪರ ನಿಂತಿತು. ಬಂಧಿತನನ್ನು ಅವನ ದೇಶದ ರಾಯಭಾರ ಕಚೇರಿಯವರು ಭೇಟಿಯಾಗಲು ಬಿಡದಿದ್ದದ್ದು 1963ರ ವಿಯೆನ್ನಾ ಒಪ್ಪಂದದ ಉಲ್ಲಂಘನೆ ಎಂದಿತು. ಅವತ್ತು ಸಂಜೆಯವರೆಗೂ ಕ್ಯಾಂಟೀನಿನಲ್ಲಿ ತೀರ್ಪಿನ ವಿವರಣೆ ನಡೆಯಿತು, ಕಾಫಿ ಖರ್ಚು ಅವರದೇ. ಆದರೆ ಊರಿಗೆಲ್ಲ ತಲುಪಿದ್ದು ತೀರ್ಪಲ್ಲ, ಹರೀಶ್ ಸಾಳ್ವೆ ಒಂದು ರೂಪಾಯಿ ಫೀಸಿಗೆ ವಾದಿಸಿದರು ಎಂಬ ಸುದ್ದಿ. ಮರುವಾರ ಚೆಕ್ ಬೌನ್ಸ್ ಕೇಸಿನವನೊಬ್ಬ ಬಂದು, “ಅಷ್ಟು ದೊಡ್ಡ ಕೇಸಿಗೇ ಒಂದು ರೂಪಾಯಂತೆ ಸಾರ್, ನಮ್ಮದು ಬರೀ ಎರಡೂವರೆ ಲಕ್ಷದ್ದು” ಎಂದು ಲೆಕ್ಕ ಶುರು ಮಾಡಿದ. ಗುಮಾಸ್ತ ಆ ವಾರವಿಡೀ ಅಂತಾರಾಷ್ಟ್ರೀಯ ಕಾನೂನಿಗೆ ಹಿಡಿಶಾಪ ಹಾಕುತ್ತಿದ್ದ.

ಕಾವೇರಿ ಬಿಸಿಯಾದಾಗ ಟೀವಿಯವರು ಇವರನ್ನು ಒಮ್ಮೆ ಕರೆಸಿದ್ದರು. 1966ರ ಹೆಲ್ಸಿಂಕಿ ನಿಯಮಗಳು, ನದಿಪಾತ್ರದ ಪ್ರತಿ ರಾಜ್ಯಕ್ಕೂ ನ್ಯಾಯೋಚಿತ ಪಾಲು, 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಆ ತತ್ವಗಳ ಚರ್ಚೆ, ನಮಗೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿ, ಅದರಲ್ಲಿ ಬೆಂಗಳೂರಿಗೆಂದು 4.75 ಎಂದೆಲ್ಲ ಸಾವಕಾಶವಾಗಿ ಹೇಳಿದರು. ದನಿ ಏರಿಸಲಿಲ್ಲ, ತಮಿಳುನಾಡಿಗೂ ಪಾಲಿದೆ ಎಂದರು. ಮತ್ತೆ ಕರೆ ಬರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇವರ ಹೊಟ್ಟೆಪಾಡು ಯಾವುದರಿಂದ ಎಂದು ಕೇಳಬೇಕಲ್ಲ. ಅದನ್ನು ಅವರು ಕ್ಯಾಂಟೀನಿನಲ್ಲಿ ಹೇಳುವುದಿಲ್ಲ. ಕೇಳಿದರೆ “ಏನೋ ಫ್ಯಾಮಿಲಿ ಮ್ಯಾಟರ್” ಎಂದು ಮಾತು ತೇಲಿಸುತ್ತಾರೆ. ಸಂಜೆ ಆರರ ಮೇಲೆ ಗಾಂಧಿನಗರದ ಆ ಮಹಡಿಗೆ ಹೋದರೆ ಬೆಂಚಿನ ಮೇಲೆ ಬಸವನಗುಡಿಯ, ಮಲ್ಲೇಶ್ವರದ ಅಪ್ಪ-ಅಮ್ಮಂದಿರು ಪ್ಲಾಸ್ಟಿಕ್ ಫೋಲ್ಡರು ಅವುಚಿಕೊಂಡು ಕೂತಿರುತ್ತಾರೆ. ಮಗಳು ನ್ಯೂಜೆರ್ಸಿಯಿಂದ ವಾಪಸು ಬಂದಿದ್ದಾಳೆ, ಅಳಿಯ ಅಲ್ಲೇ ಡಿವೋರ್ಸ್ ತಗೊಂಡು ಮೇಲ್ ಹಾಕಿದ್ದಾನೆ. ಅಥವಾ ಮಗ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದಾನೆ, ಸೊಸೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದ್ದಾಳೆ.

ಇಲ್ಲಿ ನಮ್ಮವರು ಬೇರೆಯೇ ಮನುಷ್ಯ. ಗ್ರೋಷಿಯಸ್ ಇಲ್ಲ, ಲೈಡನ್ ಇಲ್ಲ. ಮೊದಲ ಪ್ರಶ್ನೆ: “ನಿಮ್ಮ ಮಗಳು ಅಲ್ಲಿನ ಕೋರ್ಟಿಗೆ ಹಾಜರಾಗಿದ್ದಳಾ? ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದಾಳಾ?” ಇಡೀ ಕೇಸು ಈ ಪ್ರಶ್ನೆಯ ಮೇಲೆ ನಿಂತಿರುತ್ತದೆ. ಹಿಂದೂ ವಿವಾಹ ಕಾಯ್ದೆಯಂತೆ ಆದ ಮದುವೆಯನ್ನು ಆ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಇನ್ನೊಬ್ಬರು ಒಪ್ಪಿ ಹಾಜರಾಗದಿದ್ದಾಗ ಹೊರದೇಶದ ಕೋರ್ಟು ಮುರಿದರೆ ಅದು ಇಲ್ಲಿ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಮು ಇವರಿಗೆ ಬಾಯಿಪಾಠ. ಸಿಂಗಪುರ, ಬ್ರಿಟನ್ನು, 2020ರಿಂದ ಯುಎಇ ಕೋರ್ಟುಗಳ ಹಣದ ಡಿಕ್ರಿಯನ್ನು ನೇರವಾಗಿ ಇಲ್ಲಿ ಜಾರಿ ಮಾಡಿಸಬಹುದು, ಅಮೆರಿಕದ್ದನ್ನು ಮಾಡಿಸಲಾಗದು, ಅದರ ಮೇಲೆ ಹೊಸ ದಾವೆಯೇ ಹೂಡಬೇಕು ಎಂಬುದನ್ನು ಕಾಗದ ನೋಡದೆ ಹೇಳುತ್ತಾರೆ. ಮಕ್ಕಳ ವಿಷಯದ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲವಾದ್ದರಿಂದ ಅಲ್ಲಿನ ಆದೇಶ ಬಂದ ಮಾತ್ರಕ್ಕೆ ಮಗು ವಿಮಾನ ಹತ್ತಬೇಕಿಲ್ಲ, ಮಗುವಿನ ಹಿತವೇನೆಂದು ನಮ್ಮ ಕೋರ್ಟು ನೋಡುತ್ತದೆ ಎಂದು ಅಳುವ ಅಜ್ಜಿಗೆ ಅರ್ಥವಾಗುವಂತೆ ಬಿಡಿಸಿ ಹೇಳುತ್ತಾರೆ. ಹಾಗೆಂದು ಮಗುವನ್ನು ಅಮ್ಮನಿಗೆ ತೋರಿಸದೆ ಬಚ್ಚಿಟ್ಟರೆ ನಾನು ಕೇಸು ಹಿಡಿಯುವುದಿಲ್ಲ ಎಂದು ಮಗನಿಗೆ ಗದರುತ್ತಾರೆ.

ಕ್ಯಾಲಿಫೋರ್ನಿಯಾಕ್ಕೆ ಸಮನ್ಸು ಕಳಿಸುವುದಕ್ಕೆ ಹೇಗ್‌ನದೇ ಬೇರೊಂದು ಒಡಂಬಡಿಕೆಯ ದಾರಿಯಿದೆ. ಅದರ ಫಾರಂ ತುಂಬುವುದು ನಮ್ಮ ಬಾರಿನಲ್ಲಿ ಬಹಳ ಜನಕ್ಕೆ ಬಾರದು. ಇವರಿಗೆ ಬರುತ್ತದೆ. ಆ ಸಮನ್ಸು ತಿಂಗಳುಗಟ್ಟಲೆ ಸಮುದ್ರ ಸುತ್ತಿ, ವಿಳಾಸದಲ್ಲಿ ಯಾರೂ ಇಲ್ಲ ಎಂಬ ಷರಾದೊಂದಿಗೆ ವಾಪಸು ಬಂದಾಗ ಅದನ್ನು ನೋಡಿ ಖುಷಿಪಟ್ಟವನು ಕೋರ್ಟಿನ ಅಮೀನ. ಹೊಸಕೋಟೆಗೆ ಹೋಗಿ “ಮನೆಗೆ ಬೀಗ” ಎಂದು ಬರೆದುಕೊಂಡು ಬಂದದ್ದಕ್ಕೆ ಅವನು ಬೈಸಿಕೊಂಡಿದ್ದು ಹಿಂದಿನ ವಾರವಷ್ಟೇ.

ನನ್ನ ತೀರ್ಮಾನ ಕೇಳಿದರೆ ಹೇಳುತ್ತೇನೆ. ಬದುವಿನ ಜಗಳಕ್ಕೆ ಇವರ ಬಳಿ ಹೋಗಬೇಡಿ; ಆ ತಾಲ್ಲೂಕಿನಲ್ಲೇ ಕೂದಲು ಬೆಳ್ಳಗಾದವರನ್ನು ಹಿಡಿಯಿರಿ. ಆದರೆ ಮಕ್ಕಳು ಹೊರದೇಶದಲ್ಲಿದ್ದು ಅಲ್ಲಿನ ಕೋರ್ಟಿನಿಂದ ಒಂದು ಕಾಗದ ಬಂದರೆ, ಅದಕ್ಕೆ ಉತ್ತರ ಬರೆಯುವ ಮುಂಚೆ, ಯಾವ ಸಹಿಯನ್ನೂ ಹಾಕುವ ಮುಂಚೆ ಸಂಜೆ ಆರಕ್ಕೆ ಆ ಎರಡನೇ ಮಹಡಿಗೆ ಹೋಗಿ. ಹತ್ತು ನಿಮಿಷ ಹೇಗ್ ಕಥೆ ಕೇಳಬೇಕಾದೀತು, ಕೇಳಿ. ಇನ್ನೊಂದು ಮಾತು, ಇದು ಅವರು ಫೀಸು ತೆಗೆದುಕೊಳ್ಳದೆ ಹೇಳಿದ್ದು: ಸೈಟು ಮಾರಲು ಮಗ ಅಮೆರಿಕದಿಂದ ಪವರ್ ಆಫ್ ಅಟಾರ್ನಿ ಕಳಿಸಿದ್ದರೆ ಬೀರುವಿನಲ್ಲಿಟ್ಟು ಮರೆಯಬೇಡಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು.