ಕಂಬ, ಒಂಟೆ ಮತ್ತು ಶಬ್ದಪ್ರಮಾಣ: ಆಂಟ್ರಿಮ್ ಕರಾವಳಿಯ ಒಂದು ದಿನದ ಪ್ರವಾಸದ ಮೀಮಾಂಸೆ

ಉತ್ತರ ಐರ್ಲೆಂಡಿನ ಆಂಟ್ರಿಮ್ ಕರಾವಳಿಯಲ್ಲಿ ಸುಮಾರು 40,000 ಕಲ್ಲುಕಂಬಗಳು, ಹೆಚ್ಚಿನವು ಆರು ಮೂಲೆಯವು, ಒತ್ತೊತ್ತಾಗಿ ನಿಂತು ಕಡಲಿಗೆ ಇಳಿದುಹೋಗಿವೆ. ಜೈಂಟ್ಸ್ ಕಾಸ್‌ವೇ ಎಂದು ಹೆಸರಾದ ಈ ತಾಣ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಂಥ ಕಲ್ಲು ಹುಟ್ಟಿದ್ದು ಹೇಗೆಂದು ಹದಿನೆಂಟನೆಯ ಶತಮಾನದ ಯುರೋಪಿನ ಪಂಡಿತರು ಎರಡು ಬಣವಾಗಿ ಕಾದಾಡಿದರು. ನೀರಿನ ಬಣದವರು ಆದಿಸಮುದ್ರದ ಗಷ್ಟು ತಳಕ್ಕೆ ಕೂತು ಕಲ್ಲಾಯಿತೆಂದರು. ಫ್ರಾನ್ಸಿನ ನಿಕೊಲಾ ದೆಮಾರೆ ಮೊದಲಾದ ಬೆಂಕಿಯ ಬಣದವರು ಅದು ಆರಿದ ಲಾವಾ ಎಂದರು. ಬೆಂಕಿ ಗೆದ್ದಿತು. ಸುಮಾರು ಆರು ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣಿಯುತ್ತ ಕುಗ್ಗಿ, ಬಿರುಕುಬಿಟ್ಟು ಕಂಬಗಳಾಯಿತು ಎಂಬಲ್ಲಿಗೆ ವಿಜ್ಞಾನಿಗಳು ಕಡತ ಮುಚ್ಚಿದರು. ಅವಸರದಲ್ಲಿ ಮುಚ್ಚಿದರು ಎಂಬುದು ನಮ್ಮ ನಮ್ರ ಅಭಿಪ್ರಾಯ. ಬೆಲ್‌ಫಾಸ್ಟಿನಿಂದ ಬೆಳಿಗ್ಗೆ ಹೊರಟು ಸಂಜೆ ಮರಳುವ ಪ್ರವಾಸಿ ಬಸ್ಸನ್ನೂ ಅದರ ಮೈಕನ್ನೂ ಎರಡು ಬಣದವರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಕಂಬಗಳು ಲಾವಾದಿಂದ ಆಗಿರಲಿ, ನಮ್ಮ ತಕರಾರಿಲ್ಲ. ನೋಟ ಆಗಿರುವುದು ಮಾತಿನಿಂದ. ನೈಯಾಯಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಒಂದು ದಿನದ ಪ್ರವಾಸದಲ್ಲಿ ಪ್ರತ್ಯಕ್ಷಕ್ಕಿಂತ ಶಬ್ದವೇ ಬಲವಾದ ಪ್ರಮಾಣ.

ಮೊದಲ ಆಧಾರ ಪುರಾಣದಲ್ಲೇ ಸಿಗುತ್ತದೆ. ಐರ್ಲೆಂಡಿನ ದೈತ್ಯ ಫಿನ್ ಮ್ಯಾಕೂಲ್ ಸ್ಕಾಟ್ಲೆಂಡಿನ ದೈತ್ಯ ಬೆನಂಡಾನರನ ಮೇಲೆ ಜಗಳಕ್ಕೆ ಹೋಗಲು ಈ ಕಲ್ಲುದಾರಿ ಕಟ್ಟಿದನಂತೆ. ಎದುರಾಳಿಯ ಗಾತ್ರ ಕಂಡು ಎದೆ ನಡುಗಿ ಮನೆಗೆ ಓಡಿಬಂದನಂತೆ. ಹೆಂಡತಿ ಊನಾ ಅವನಿಗೆ ಕೂಸಿನ ಬಟ್ಟೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿದಳು. ಬೆನಂಡಾನರ್ ಬಂದ, ಇದು ನಮ್ಮ ಮಗು ಎಂದಳು. ಮಗುವೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಕೆಂದು ಆತ ಕಾಲಿಗೆ ಬುದ್ಧಿ ಹೇಳಿದ, ಹೋಗುತ್ತ ದಾರಿಯನ್ನೂ ಕಿತ್ತುಹಾಕಿದ. ಜಾನಪದ ವಿದ್ವಾಂಸರು ಇದನ್ನು ಜಾಣ ಹೆಂಡತಿಯ ಕಥೆಯೆಂದು ವರ್ಗೀಕರಿಸುವುದುಂಟು. ನಮಗೆ ಇದು ಆ ಕರಾವಳಿಯ ಮೊಟ್ಟಮೊದಲ ಗೈಡೆಡ್ ಟೂರಿನ ವರದಿಯಾಗಿ ಕಾಣುತ್ತದೆ. ಹೊರನಾಡಿನಿಂದ ಒಬ್ಬ ಬಂದ. ಸ್ಥಳೀಯಳೊಬ್ಬಳು ಒಂದು ವಸ್ತುವನ್ನು ತೋರಿಸಿ ಅದು ಇಂಥದ್ದೆಂದಳು. ಗಡ್ಡಮೀಸೆಯ ಗಂಡಸು ಕಣ್ಣೆದುರೇ ಮಲಗಿದ್ದರೂ ಅವನು ಕಂಡದ್ದು ಕೂಸನ್ನೇ. ಬೆರಗಾದ, ಅದೇ ದಿನ ವಾಪಸ್ಸಾದ, ತಾಣಕ್ಕೆ ಒಂದಿಷ್ಟು ಹಾನಿಯನ್ನೂ ಮಾಡಿದ. ಪ್ರವಾಸಿಯ ಲಕ್ಷಣಗಳಲ್ಲಿ ಒಂದಾದರೂ ಕೊರತೆಯಿದೆಯೇ? ಹಾನಿಯ ಪರಂಪರೆಯಂತೂ ಅವಿಚ್ಛಿನ್ನ. ಈಗಿನವರು ಅದೃಷ್ಟಕ್ಕೆಂದು ಕಂಬಗಳ ಬಿರುಕಿನಲ್ಲಿ ನಾಣ್ಯ ತುರುಕುತ್ತಾರೆ. ಅದು ತುಕ್ಕುಹಿಡಿದು ಉಬ್ಬಿ ಕಲ್ಲನ್ನೇ ಒಡೆಯುತ್ತದೆ. ದಯವಿಟ್ಟು ನಿಲ್ಲಿಸಿ ಎಂದು ತಾಣವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2025ರಲ್ಲಿ ಕೇಳಿಕೊಳ್ಳಬೇಕಾಯಿತು.

ಎರಡನೆಯ ಆಧಾರ ಒಂಟೆ. ಐರ್ಲೆಂಡಿನಲ್ಲಿ ಒಂಟೆಯಿಲ್ಲವೆಂಬುದು ಪ್ರಾಣಿಶಾಸ್ತ್ರಕ್ಕೆ ಗೊತ್ತು. ಆದರೂ ಕಾಸ್‌ವೇ ಪಕ್ಕದ ಕೊಲ್ಲಿಯಲ್ಲಿ ಒಂದು ಒಂಟೆ ಮಲಗಿದೆ. ಅದು ಫಿನ್‌ನ ಸವಾರಿ ಪ್ರಾಣಿ, ಭೂವಿಜ್ಞಾನದಲ್ಲಿ ಬಸಾಲ್ಟಿನ ಒಡ್ಡು. ಹೀಗೆಯೇ ಬಂಡೆಯೊಂದು ದೈತ್ಯನ ಬೂಟು, ಗುಡ್ಡದ ಮೈಯ ಕಂಬಸಾಲು ಅವನ ಆರ್ಗನ್ ವಾದ್ಯ. ಹೇಳುವ ತನಕ ಯಾರಿಗೂ ಒಂಟೆ ಕಾಣದು. ಹೇಳಿದ ಮೇಲೆ ಕಲ್ಲು ಕಾಣದು. ಗೈಡ್ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೂ ದೃಷ್ಟಾಂತ ಇದೆ. 1588ರಲ್ಲಿ ಸ್ಪೇನಿನ ನೌಕಾಪಡೆ ಚೆದುರಿ ಈ ಕಡಲಿಗೆ ಬಂದಾಗ, ಬೆಟ್ಟದಂಚಿನಲ್ಲಿ ಒಂಟಿಯಾಗಿ ನಿಂತ ಕಂಬಗಳನ್ನು ಕೋಟೆಯ ಗೋಪುರಗಳೆಂದು ತಿಳಿದು ಅವುಗಳ ಮೇಲೆ ಫಿರಂಗಿ ಹಾರಿಸಿತೆಂಬ ಕಥೆಯಿದೆ. ಅದೇ ವರ್ಷ ಜಿರೋನಾ ಹಡಗು ಹತ್ತಿರದ ಲಕಾಡಾ ಮೂಲೆಗೆ ಅಪ್ಪಳಿಸಿ ನೂರಾರು ಜನ ಸತ್ತದ್ದು ಮಾತ್ರ ಕಥೆಯಲ್ಲ, ಇತಿಹಾಸ. ಬರಿಗಣ್ಣನ್ನು ನಂಬಿದವರ ಗತಿ ಇದು.

ಪೂರ್ವಪಕ್ಷದವರು ಇಲ್ಲಿ ಏಳುತ್ತಾರೆ: ಕಲ್ಲು ತಾನೇ ಅದ್ಭುತವಾಗಿರುವಾಗ ಮಾತಿನ ಹಂಗೇಕೆ? ಅವರನ್ನು ಮಲ್ಪೆಯಿಂದ ದೋಣಿ ಹತ್ತಿಸಬೇಕು. ಸೇಂಟ್ ಮೇರೀಸ್ ದ್ವೀಪದಲ್ಲೂ ಲಾವಾ ತಣಿದು ಆದ ಇಂಥವೇ ಕಂಬಗಳಿವೆ. ವಯಸ್ಸು ಸುಮಾರು 8.8 ಕೋಟಿ ವರ್ಷ, ಅಂದರೆ ಐರಿಷ್ ಕಂಬಗಳಿಗಿಂತ ಹಿರಿಯವು. ಭಾರತವೂ ಮಡಗಾಸ್ಕರೂ ಬೇರೆಯಾದ ಕಾಲದವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಬಿರುದೂ ಉಂಟು. ಆದರೆ ಅಲ್ಲಿ ದೈತ್ಯನಿಲ್ಲ, ತೊಟ್ಟಿಲಿಲ್ಲ, ಒಂಟೆಯಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಹೆಸರಿಟ್ಟನೆಂಬ ಐತಿಹ್ಯ ಮಾತ್ರ ಇದೆ, ಅದು ಕಂಬಗಳ ಬಗ್ಗೆ ತುಟಿಬಿಚ್ಚುವುದಿಲ್ಲ. ಹಾಗಾಗಿ ಕಂಬದ ಮೇಲೆ ಕೂತವರು ಕಡಲನ್ನು ನೋಡುತ್ತಾರೆ, ಚಿಪ್ಪು ಆರಿಸುತ್ತಾರೆ, ಒದ್ದೆ ಚಪ್ಪಲಿ ಒಣಗಿಸುತ್ತಾರೆ. ಕಂಬ ಅವರಿಗೆ ಆಸನ, ಅಷ್ಟೇ. ಶಬ್ದವಿಲ್ಲದ ಪ್ರತ್ಯಕ್ಷಕ್ಕೆ ಇಷ್ಟೇ ಮರ್ಯಾದೆ.

ಮಂಜು ಮುಸುಕಿದ ದಿನ ಸಿದ್ಧಾಂತವೇ ಬಿದ್ದುಹೋಗುವುದಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ವಾಸ್ತವದಲ್ಲಿ ಅದು ಅರಳುವುದೇ ಅಂದು. ಆಂಟ್ರಿಮ್ ತೀರಕ್ಕೂ ಸ್ಕಾಟ್ಲೆಂಡಿಗೂ ನಡುವೆ ಅತಿ ಹತ್ತಿರದಲ್ಲಿ ಸುಮಾರು 20 ಕಿಲೋಮೀಟರ್ ಕಡಲು. ಮೋಡವಿಲ್ಲದಿದ್ದರೆ ಅಗೋ ಅಲ್ಲಿ ಸ್ಕಾಟ್ಲೆಂಡ್ ಕಾಣುತ್ತಿತ್ತು ಎಂದು ಮೈಕು ನುಡಿದೊಡನೆ ಬಸ್ಸಿಗೆ ಬಸ್ಸೇ ಅತ್ತ ತಿರುಗಿ ಬೂದುಬಣ್ಣದ ಫೋಟೋ ತೆಗೆಯುತ್ತದೆ. ಡನ್ಲೂಸ್ ಕೋಟೆಯಲ್ಲೂ ಇದೇ ಕ್ರಮ. 1639ರ ಬಿರುಗಾಳಿಯ ರಾತ್ರಿ ಅಡುಗೆಮನೆ ಆಳುಕಾಳುಗಳ ಸಮೇತ ಕಡಲಿಗೆ ಕುಸಿಯಿತೆಂಬ ಕಥೆ ಕೇಳಿ, ಉಳಿದ ಗೋಡೆಗಳನ್ನು ಬಿಟ್ಟು ಇಲ್ಲದ ಅಡುಗೆಮನೆಯನ್ನು ಹುಡುಕುತ್ತಾರೆ. ಕುಮಾರಿಲ ಭಟ್ಟರ ಅನುಯಾಯಿಗಳು ಇಲ್ಲದಿರುವುದನ್ನು ಅರಿಯಲು ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದ್ದರು. ಅದಕ್ಕೆ ಟಿಕೆಟ್ಟು ಇಡಬಹುದೆಂದು ಅವರಿಗೆ ಹೊಳೆದಿರಲಾರದು. ಕ್ಯಾರಿಕ್-ಎ-ರೀಡ್‌ನಲ್ಲಿ ಅದನ್ನೂ ಇಟ್ಟಿದ್ದಾರೆ. ಸಾಲ್ಮನ್ ಹಿಡಿಯುವ ಬೆಸ್ತರು ನಡುಗಡ್ಡೆಗೆ ದಾಟಲು ಕಟ್ಟಿಕೊಳ್ಳುತ್ತಿದ್ದ ಹಗ್ಗದ ಸೇತುವೆ ಅದು, ಸುಮಾರು 20 ಮೀಟರ್ ಉದ್ದ, 30 ಮೀಟರ್ ಎತ್ತರ. ಮೀನುಗಾರಿಕೆ 2002ರಲ್ಲಿ ನಿಂತಿತು. ಈಗ ದಾಟುವವರು ಆ ಬದಿಯಲ್ಲಿ ಬರದ ಬೆಸ್ತರನ್ನೂ ಸಿಗದ ಮೀನನ್ನೂ ಸ್ಮರಿಸಿ, ಕಾಲು ನಡುಗಿಸಿಕೊಂಡು ಮರಳುತ್ತಾರೆ.

ಚಾರ್ವಾಕನೊಬ್ಬ ಹಿಂದಿನ ಸೀಟಿನಲ್ಲಿ ಕೂತು, ಕಿವಿಗೆ ಹತ್ತಿಯಿಟ್ಟು, ಕಂಡದ್ದನ್ನಷ್ಟೇ ನಂಬುತ್ತೇನೆ ಎನ್ನಬಹುದು. ಅನ್ನಲಿ. ವಾಪಸ್ಸು ಹೊರಡುವ ಹೊತ್ತನ್ನೂ ಮೈಕಿನಲ್ಲೇ ಹೇಳುವುದರಿಂದ ಅವನ ವಾದವನ್ನು ಖಂಡಿಸುವ ಶ್ರಮ ನಮಗಿಲ್ಲ, ಬಸ್ಸೇ ಖಂಡಿಸುತ್ತದೆ. ಉಳಿದದ್ದು ಒಂದೇ ಆಕ್ಷೇಪ: ಗೈಡಾದರೂ ಕಣ್ಣಾರೆ ಕಂಡೇ ಹೇಳುತ್ತಾನಲ್ಲ, ಆದ್ದರಿಂದ ಶಬ್ದಕ್ಕೂ ಮೂಲ ಪ್ರತ್ಯಕ್ಷವೇ ಅಲ್ಲವೇ? ಇದು ಗಟ್ಟಿಯಾದ ಪ್ರಶ್ನೆ. ಆದರೆ ಇಂಥ ಅನೇಕ ಬಸ್ಸುಗಳಲ್ಲಿ ಚಾಲಕನೇ ಗೈಡು. ಕರಾವಳಿಯ ರಸ್ತೆ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಡಲು ಇಟ್ಟುಕೊಂಡು ತಿರುಗುತ್ತಲೇ ಹೋಗುತ್ತದೆ. ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ದಿನವಿಡೀ ತೋರಿಸುವ ಆ ಒಬ್ಬನು ಮಾತ್ರ ಎಡಕ್ಕೂ ಬಲಕ್ಕೂ ನೋಡುವಂತಿಲ್ಲ. ನೋಡಿದರೆ ಜಿರೋನಾದ ಪಕ್ಕದಲ್ಲೇ ಜಾಗ.