ಒಂದು ಚಿಟಿಗಿ ಉಪ್ಪು

ಗೋಕಾಕದಲ್ಲಿ ನೀರು ಶುದ್ಧ ಮಾಡುವ ಮಷೀನು ಕೊಳ್ಳಹೊರಟವರಿಗೆ ಮೊದಲು ಅಡ್ಡ ಬರುವುದು ಊರಿನ ಅಭಿಮಾನ. ಒಂದು ಕಡೆ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುತ್ತಾಳೆ. ಅದಕ್ಕೂ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮು 51 ಟಿಎಂಸಿ ನೀರು ಹಿಡಿದುಕೊಂಡು ಕೂತಿದೆ. ಇಷ್ಟಿದ್ದೂ ಆರ್‌ಓ ತರೋಣ ಎಂದೆ. "ಕರದಂಟಿನ ಊರಾಗ ಪೆಪ್ಪರಮೆಂಟು ಕೊಂಡಂಗಾತು" ಎಂದು ನಮ್ಮ ಮನೆಯವರು ನಕ್ಕರು.

ನಕ್ಕರೆ ನಗಲಿ. ಓಣಿಯ ಎಲ್ಲ ಅಡಿಗೆಮನೆಗಳಲ್ಲೂ ಗೋಡೆಯ ಮೇಲೆ ನೀಲಿ ದೀಪ ಮಿನುಗುತ್ತಿತ್ತು. ನಮ್ಮಲ್ಲಿ ತಾಮ್ರದ ಕೊಡ, ಅದರ ಬಾಯಿಗೆ ಬಿಳಿ ಅರಿವೆ. ಬಂದವರು "ನೀರು ಬ್ಯಾಡ್ರಿ" ಅನ್ನತೊಡಗಿದ್ದರು. ಅದೇ ನೀರಿನ ಚಹಾ ಮಾತ್ರ ಒಬ್ಬರೂ ಬೇಡವೆನ್ನಲಿಲ್ಲ.

ಕಂಪನಿಯ ಹುಡುಗ ಏಪ್ರಿಲ್ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ಬಂದ. ಅಂಥ ಬಿಸಿಲಿನಲ್ಲಿ ಟೈ ಕಟ್ಟಿದವನ ಮಾತು ನಂಬದಿರಲು ಗುಂಡಿಗೆ ಬೇಕು, ನನಗಿಲ್ಲ. ಎರಡು ಗಾಜಿನ ಗ್ಲಾಸು ಕೇಳಿದ. ಒಂದಕ್ಕೆ ನಮ್ಮ ನಳದ ನೀರು, ಇನ್ನೊಂದಕ್ಕೆ ತಾನು ಬಾಟಲಿಯಲ್ಲಿ ತಂದ ಆರ್‌ಓ ನೀರು. ನಾಲ್ಕು ಕಡ್ಡಿಯ ಉಪಕರಣವೊಂದನ್ನು ಎರಡರಲ್ಲೂ ಇಳಿಬಿಟ್ಟು ಸ್ವಿಚ್ಚು ಹಾಕಿ, ಕೈಕಟ್ಟಿ ನಿಂತ. ಮಾತಿಲ್ಲ. ಅವನಿಗೆ ಸಿನಿಮಾದಲ್ಲಿ ಭವಿಷ್ಯವಿತ್ತು.

ಮೊದಲು ನಮ್ಮ ಗ್ಲಾಸಿನಲ್ಲಿ ಸಣ್ಣ ಗುಳ್ಳೆ ಎದ್ದವು. ಆಮೇಲೆ ನೀರು ತುಸು ಹಸಿರಾಯಿತು. ನಾನು ಹತ್ತಿರ ಬಾಗಿದೆ. ಹಸಿರು ಕಂದಾಯಿತು, ಕಂದು ಕಪ್ಪಿಗೆ ತಿರುಗಿತು, ಮೇಲೆ ಕೆನೆಗಟ್ಟಿದ ಹಾಗೆ ರಾಡಿ ತೇಲಿತು, ತಳದಲ್ಲಿ ಚೂರುಚೂರಾಗಿ ಏನೋ ಕೂತಿತು. ಪಕ್ಕದ ಗ್ಲಾಸು ಹೇಗಿತ್ತೋ ಹಾಗೇ ಇತ್ತು. "ಅಕ್ಕಾರ, ಇಷ್ಟ ದಿನಾ ಇದನ್ನ ಕುಡದೀರಿ" ಎಂದ ಹುಡುಗ, ಸಾವಿನ ಮನೆಗೆ ಬಂದವರ ದನಿಯಲ್ಲಿ. ನನ್ನ ಹೊಟ್ಟೆಯಲ್ಲಿ ಆ ರಾಡಿ ತಿರುವಿದಂತಾಯಿತು. ಪರ್ಸು ತರಲು ಎದ್ದೇಬಿಟ್ಟೆ.

ಅತ್ತೆಯವರು ಏಳಲಿಲ್ಲ. "ನಿನ್ನ ಛಲೋ ನೀರು ಕೊಡಪಾ, ನೋಡ್ತೀನಿ" ಎಂದರು. ಅವನು ಸ್ವಿಚ್ಚು ತೆಗೆದು, ಬಾಟಲಿಯಿಂದ ಬೇರೆ ಗ್ಲಾಸಿಗೆ ಸುರಿದು ಕೊಟ್ಟ. ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಸಪ್ಪಗೈತಿ." ಪಕ್ಕದಲ್ಲೇ ಇದ್ದ ಉಪ್ಪಿನ ಡಬ್ಬಿಯಿಂದ ಒಂದು ಚಿಟಿಗಿ ತೆಗೆದು ಹಾಕಿ, ಬೆರಳಿನಿಂದಲೇ ಕದಡಿ, ಇನ್ನೊಂದು ಗುಟುಕು ಕುಡಿದರು. "ಹಾಂ, ಈಗ ಬಾಯಿಗೆ ಹತ್ತತೈತಿ. ಇದಕ್ಕ ನಿನ್ನ ಮಷೀನು ಹಚ್ಚು ನೋಡೋಣು." ಹುಡುಗ ಹಚ್ಚಲೊಲ್ಲ. ವಾರಂಟಿ, ವೋಲ್ಟೇಜು ಎಂದೇನೋ ಗೊಣಗಿದ. ಅತ್ತೆಯವರು ಹಿಂದೆ ಕನ್ನಡ ಶಾಲೆಯ ಹೆಡ್‌ಬಾಯಿ. "ಹಚ್ಚು" ಎಂದರು. ಹಚ್ಚಿದ. ಶುದ್ಧಾತಿಶುದ್ಧವಾದ ಆ ನೀರು ನಮ್ಮದಕ್ಕಿಂತ ಬೇಗ ಕಪ್ಪಾಯಿತು. ಟೈ ಸಡಿಲ ಮಾಡಿಕೊಂಡು "ತಂಪನ್ನ ನೀರು ಕೊಡ್ರಿ ಅಮ್ಮಾ" ಎಂದ ಹುಡುಗ. ತಾಮ್ರದ ಕೊಡದ್ದೇ ಕೊಟ್ಟೆವು. ಗಟಗಟ ಕುಡಿದು ಹೋದ.

ಆಮೇಲೆ ತಿಳಿಯಿತು: ಆ ಕಡ್ಡಿಗಳು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನವು. ನೀರಿನಲ್ಲಿ ಲವಣವಿದ್ದರೆ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಬಣ್ಣ ಕಡ್ಡಿಯದು, ನೀರಿನದಲ್ಲ. ಆರ್‌ಓ ನೀರಿನಲ್ಲಿ ಲವಣವೇ ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ತುಕ್ಕೂ ಇಲ್ಲ.

ಇಲ್ಲಿಗೆ ಬುದ್ಧಿ ಬರಬೇಕಿತ್ತು. ಬದಲಿಗೆ ಟಿಡಿಎಸ್ ಮೀಟರು ಬಂತು. ನೀರಿನಲ್ಲಿ ಕರಗಿದ ಲವಣವನ್ನು ಅಂಕಿಯಲ್ಲಿ ತೋರಿಸುವ, ಪೆನ್ನಿನಷ್ಟುದ್ದದ ಆ ಸಾಮಾನು ಕೈಗೆ ಸಿಕ್ಕ ಮೇಲೆ ಮನೆಯಲ್ಲಿ ಅಳೆಯದ ದ್ರವ ಉಳಿಯಲಿಲ್ಲ. ಮಜ್ಜಿಗೆ, ಎಳನೀರು, ಗುಡಿಯ ತೀರ್ಥ. ಸಕ್ಕರೆ ನೀರಿಗೆ ಇಳಿಸಿದರೆ ಅಂಕಿ ಅಲುಗಲೇ ಇಲ್ಲ, ಸಕ್ಕರೆ ಕರೆಂಟು ಹರಿಸುವುದಿಲ್ಲವಂತೆ. ಶುಗರಿರುವ ನಮ್ಮ ಮನೆಯವರು ಅವತ್ತಿನಿಂದ ಮೀಟರನ್ನು ಗೌರವದಿಂದ ಕಾಣುತ್ತಾರೆ.

ತವರು ಹುಕ್ಕೇರಿಗೆ ಒಯ್ದೆ. ಕರೆಂಟಿಗೂ ಸ್ವಂತ ಸಹಕಾರಿ ಸಂಘ ಇಟ್ಟುಕೊಂಡ ಊರು, ಬಿಗುಮಾನ ಜಾಸ್ತಿ. ನಳದ ನೀರು ನೂರರ ಆಚೀಚೆ ತೋರಿಸಿದಾಗ ಅಣ್ಣ ತಾನೇ ಕಾಯಿಸಿ ಸೋಸಿದವನಂತೆ ಮೀಸೆ ತಿರುವಿದ. ಮೂಡಲಗಿಯ ಕಡೆ ನಾದಿನಿಯ ತೋಟದಮನೆಯ ಬೋರಿನಲ್ಲಿ ಅಂಕಿ ನಾಲ್ಕಾದವು. "ನಾ ಹೇಳ್ಲಿಲ್ಲೇನು ವೈನಿ, ಬ್ಯಾಳಿ ಕುದಿಯಂಗಿಲ್ಲ, ಹಂಡೇದ ತಳಾ ನೋಡು" ಎಂದಳು. ಹಂಡೆಯ ತಳದಲ್ಲಿ ಸುಣ್ಣದ ಹೆಕ್ಕಳ ಬೆರಳು ದಪ್ಪ. ಅವರು ಶುದ್ಧ ಕುಡಿಯುವ ನೀರಿನ ಘಟಕಕ್ಕೆ 5 ರೂಪಾಯಿ ನಾಣ್ಯ ಹಾಕಿ ಕ್ಯಾನು ಹೊರುತ್ತಿದ್ದರು. ಸರಕಾರದ ಮಾನಕದಲ್ಲಿ ಟಿಡಿಎಸ್ 500ರೊಳಗಿದ್ದರೆ ಒಳ್ಳೆಯದು, ಬೇರೆ ಗತಿ ಇಲ್ಲದಿದ್ದರೆ 2000ದ ತನಕ ನಡೆಯುತ್ತದೆ. ಆರ್‌ಓ ಬೇಕಾದದ್ದು ನಾದಿನಿಗೆ. ಟೈ ಕಟ್ಟಿದ ಹುಡುಗ ತೋಟದ ಹಾದಿ ತುಳಿಯಲಿಲ್ಲ, ಪೇಟೆಗೆ ಬಂದ.

ಕ್ಯಾಲಿಫೋರ್ನಿಯಾದಲ್ಲಿ 1959ರ ಹೊತ್ತಿಗೆ ಲೋಬ್ ಎಂಬವರೂ ನಮ್ಮ ದೇಶದ ಸೌರಿರಾಜನ್ ಅವರೂ ಆರ್‌ಓಗೆ ಬೇಕಾದ, ಲವಣ ತಡೆಯುವ ಪೊರೆ ಕಂಡುಹಿಡಿದದ್ದು ಸಮುದ್ರದ ನೀರನ್ನು ಸಿಹಿ ಮಾಡಲು. ಅದನ್ನು ತಂದು ಘಟಪ್ರಭೆಯ ದಂಡೆಯಲ್ಲಿ ತೂಗುಹಾಕುವುದು ನಮ್ಮ ಕಾಲದ ಶೋಕಿ. ಒಂದು ಕೊಡ ಕೊಡಲು ಎರಡು ಮೂರು ಕೊಡ ಮೋರಿಗೆ ಬಿಡುತ್ತದೆ. 2019ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ, 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಇದು ಬೇಡ, ನಿಷೇಧಿಸಿ ಎಂದು ಕೇಂದ್ರಕ್ಕೆ ಹೇಳಿತ್ತು. ನನಗೆ ಇನ್ನೂ ಸಿಟ್ಟು ತರಿಸುವುದು ಮಿನರಲ್ ಕಾರ್ಟ್ರಿಜ್. ನೀರಿನಲ್ಲಿದ್ದ ಖನಿಜವನ್ನು ನಮ್ಮ ಕರೆಂಟಿನಲ್ಲೇ ತೆಗೆದು ಚೆಲ್ಲಿ, ಮತ್ತೆ ಡಬ್ಬಿಯಲ್ಲಿ ತುಂಬಿ ನಮಗೇ ಮಾರುತ್ತಾರೆ!

ಹಾಗಂತ ಹೊಳೆಯ ನೀರನ್ನು ಕಣ್ಣುಮುಚ್ಚಿ ಕುಡಿಯುವ ಧೈರ್ಯ ನನಗಿಲ್ಲ. ಅದೇ 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿ ಹೊಳೆ ಊರೊಳಗೆ ಬಂದಿತ್ತು. ಎಲ್ಲೆಲ್ಲೂ ನೀರು, ಕುಡಿಯಲು ಹನಿಯಿಲ್ಲ. ಹೊಳೆ ಯಾವುದು, ಚರಂಡಿ ಯಾವುದು ಗೊತ್ತಾಗದ ಆ ನೀರಿನ ಮುಂದೆ ಓಣಿಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾದರು. ಈ ಮೀಟರು ಅವತ್ತಿದ್ದು ಆ ರಾಡಿಗೆ ಇಳಿಸಿದ್ದರೆ ಬಹುಶಃ ಭೇಷ್ ಅನ್ನುತ್ತಿತ್ತು. ವಾಂತಿಭೇದಿಯ ರೋಗಾಣುವಿಗೆ ಟಿಡಿಎಸ್ ಇಲ್ಲ.

ಹೀಗಾಗಿ ನಮ್ಮ ಮನೆಗೆ ಬಂದದ್ದು ಮಳೆಗಾಲದ ಕೆಂಪು ನೀರು ಸೋಸಲು ಒಂದು ಫಿಲ್ಟರು, ರೋಗಾಣು ಕೊಲ್ಲಲು ಯುವಿ ದೀಪ. ಆರ್‌ಓ ನಾದಿನಿಯ ಗೋಡೆ ಏರಿತು. ನಮ್ಮ ಯುವಿ ದೀಪ ನೀಲಿಯಾಗಿಯೇ ಇರಬೇಕೆಂದು ನಾನು ಹಟ ಹಿಡಿದದ್ದನ್ನು ಇಲ್ಲಿ ಬೆಳೆಸುವುದಿಲ್ಲ.

ಮೀಟರು ಪರ್ಸಿನಲ್ಲೇ ಇರುತ್ತದೆ. ಮೊನ್ನೆ ಮೂಡಲಗಿಯ ಮದುವೆಯಲ್ಲಿ ಊಟದ ಪೆಂಡಾಲಿನ ಕ್ಯಾನುಗಳಿಗೆ ಮೆಲ್ಲಗೆ ಇಳಿಸುತ್ತಿದ್ದೆ. ಬೀಗರು ನೋಡಿ ಗುಸುಗುಸು ಶುರುಮಾಡಿದರು, ಮನೆಯವರು ಕಂಬದ ಮರೆಗೆ ಸರಿದರು. ಅಡಿಗೆಯವ ಮಾತ್ರ ಸೌಟು ಹಿಡಿದು ಓಡಿಬಂದ. "ಅಕ್ಕಾರ, ಸಾರಿಗೂ ಒಂದೀಟ ಹಚ್ರಿ, ಉಪ್ಪು ಸಾಕಾಗೇತೇನ ನೋಡೋಣು." ಬಟ್ಟಲಿನಲ್ಲಿ ಆರಿಸಿ ಇಳಿಸಿದೆ. ಅಂಕಿ ಏರಿತು, ಏರಿತು, ಕೊನೆಗೆ ಅಂಕಿಯನ್ನೇ ಬಿಟ್ಟು ಎರರ್ ಅಂದಿತು. "ಸಾಕಾಗೇತಿ" ಎಂದು ಅವನು ಉಪ್ಪಿನ ಡಬ್ಬಿಯ ಮುಚ್ಚಳ ಹಾಕಿದ.