ಸ್ವನಾಮಾಂಕಿತ ಇ-ಮೇಲ್ ಮೀಮಾಂಸೆ

ಪ್ರತಿಯೊಂದು ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ನಾಲ್ಕು ಅನುಬಂಧಗಳು ಆವಶ್ಯಕವೆಂದು ಪ್ರಾಚೀನರು ವಿಧಿಸಿರುವರಷ್ಟೆ. ಪ್ರಕೃತ ಶಾಸ್ತ್ರಕ್ಕೆ ಅಧಿಕಾರಿಯು, ಅಂಗಡಿಯ ಹೆಸರಿನಲ್ಲಿ ಡೊಮೇನ್ ಕೊಂಡು, ಒಂದು ಪತ್ರವೂ ಬರುವ ಮುನ್ನವೇ ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ ಚಿಕ್ಕಪೇಟೆಯ ಜವಳಿ ವರ್ತಕನು, ವಿಷಯವು, ಆ ವಿಳಾಸವನ್ನು ಅವನ ಮೊಬೈಲಿನಲ್ಲಿ ಪ್ರತಿಷ್ಠಾಪಿಸುವ ವಿಧಿ, ಸಂಬಂಧವು, ಇವೆರಡನ್ನೂ ಬೆಸೆಯುವ ಪಾಸ್‌ವರ್ಡು, ಪ್ರಯೋಜನವು, ಮರ್ಯಾದೆ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುವನು: ಜೀಮೇಲ್ ಪುಕ್ಕಟೆಯಾಗಿ ದೊರೆಯುತ್ತಿರಲಾಗಿ, ವರ್ಷವರ್ಷವೂ ಹಣ ತೆತ್ತು ಉಳಿಸಿಕೊಳ್ಳಬೇಕಾದ ಹೆಸರನ್ನು ಸ್ವಂತದ್ದೆನ್ನುವುದು ಹೇಗೆ? ಸಮಾಧಾನ: ಯಾವುದು ಕೆಟ್ಟಾಗ ಅನ್ಯರನ್ನು ದೂರಲು ಅವಕಾಶವಿಲ್ಲವೋ ಅದೇ ಸ್ವಂತದ್ದು. ಈ ಲಕ್ಷಣಕ್ಕೆ ಜೀಮೇಲಿನಲ್ಲಿ ಅತಿವ್ಯಾಪ್ತಿಯಾಗಲಿ ಡೊಮೇನಿನಲ್ಲಿ ಅವ್ಯಾಪ್ತಿಯಾಗಲಿ ಇಲ್ಲವಾದ್ದರಿಂದ ಆಕ್ಷೇಪವು ನಿಲ್ಲದು.

ಮೊದಲು ಡೊಮೇನಿನ ಎಂಎಕ್ಸ್ ದಾಖಲೆಯು, ಆ ಹೆಸರಿಗೆ ಬರುವ ಪತ್ರಗಳನ್ನು ಯಾವ ಸರ್ವರು ಸ್ವೀಕರಿಸತಕ್ಕದ್ದೆಂದು ಲೋಕಕ್ಕೆ ಸಾರಬೇಕು; ಈ ಸುದ್ದಿಯು ಎಲ್ಲೆಡೆ ಹಬ್ಬಲು ಒಂದೆರಡು ದಿನ ಹಿಡಿಯಬಹುದಾದ್ದರಿಂದ, ಅಷ್ಟರೊಳಗೆ ಫೋನಿನ ಸೆಟ್ಟಿಂಗುಗಳನ್ನು ಮತ್ತೆ ಮತ್ತೆ ಅಳಿಸಿ ಬರೆಯುವುದು ಸಂಪ್ರದಾಯಸಿದ್ಧವಾದರೂ ಶಾಸ್ತ್ರಸಮ್ಮತವಲ್ಲ.

ಅನಂತರ ಫೋನಿನಲ್ಲಿ 'ಮ್ಯಾನುಯಲ್ ಸೆಟಪ್' ಎಂಬುದನ್ನು ಒತ್ತಿದೊಡನೆ ಎರಡು ಮತಗಳು ಎದುರಾಗುವುವು. 1984ರಲ್ಲಿ ಉದಿಸಿದ ಪಾಪ್ ಮತದವರು ಪತ್ರವನ್ನು ಫೋನಿಗೆ ಇಳಿಸಿಕೊಂಡು ಸರ್ವರಿನಲ್ಲಿರುವ ಮೂಲವನ್ನು ತೊರೆಯುವ ವೈರಾಗ್ಯವಾದಿಗಳು; 1986ರಲ್ಲಿ ಸ್ಟ್ಯಾನ್‌ಫರ್ಡಿನ ಮಾರ್ಕ್ ಕ್ರಿಸ್ಪಿನ್ನರಿಂದ ಪ್ರವರ್ತಿತವಾದ ಐಮ್ಯಾಪ್ ಮತದವರು, ಸರ್ವರಿನಲ್ಲಿರುವುದೇ ಬಿಂಬವೆಂದೂ ಫೋನಿನಲ್ಲಿ ತೋರುವುದು ಅದರ ಪ್ರತಿಬಿಂಬವೆಂದೂ ಸಾಧಿಸುವವರು. ಅಂಗಡಿಯ ಕಂಪ್ಯೂಟರಿನಲ್ಲಿ ಗುಮಾಸ್ತನೂ ಅದೇ ಪತ್ರಗಳನ್ನು ನೋಡಬೇಕಾದ್ದರಿಂದ ಗೃಹಸ್ಥನಾದ ವರ್ತಕನಿಗೆ ಐಮ್ಯಾಪೇ ಗ್ರಾಹ್ಯವು.

ಒಳಬರುವ ಪತ್ರಕ್ಕೆ 993, ಹೊರಹೋಗುವುದಕ್ಕೆ 465 ಅಥವಾ 587 ಎಂಬ ಪೋರ್ಟ್ ಸಂಖ್ಯೆಗಳು ಈ ಶಾಸ್ತ್ರದ ಬೀಜಾಕ್ಷರಗಳು. ಇವುಗಳಲ್ಲಿ 465ಕ್ಕೆ ಎಸ್‌ಎಸ್‌ಎಲ್, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಎಂಬ ದಾಂಪತ್ಯವು ನಿಯತವಾಗಿದ್ದು, ಜೋಡಿ ತಪ್ಪಿದಲ್ಲಿ ಪತ್ರಗಳು ಬರುವುವೇ ಹೊರತು ಹೋಗವು. ಈ ಮರ್ಮವನ್ನರಿಯದ ವರ್ತಕನು, ತಾನು ಬರೆದ ದರಪಟ್ಟಿಯು ಔಟ್‌ಬಾಕ್ಸಿನಲ್ಲಿಯೇ ತಪಸ್ಸಿಗೆ ಕುಳಿತಿರುವಾಗ, ಗಿರಾಕಿಗೆ ಉತ್ತರಿಸುವಷ್ಟು ಸೌಜನ್ಯವೂ ಇಲ್ಲವೆಂದು ಮುನಿಯುವನು.

ಇಷ್ಟಾದರೂ ಯೂಸರ್‌ನೇಮ್ ತಪ್ಪೆಂಬ ಅಶರೀರವಾಣಿಯು ಹೊರಟಲ್ಲಿ, ಅಲ್ಲಿ ಬರೀ ಹೆಸರನ್ನಲ್ಲದೆ ಡೊಮೇನ್ ಸಹಿತವಾದ ಪೂರ್ಣ ವಿಳಾಸವನ್ನು ಕೊಟ್ಟಿರುವೆವೇ ಎಂದು ನೋಡತಕ್ಕದ್ದು. ಕೊಟ್ಟಿದ್ದಲ್ಲಿ ಅದರ ತುದಿಯನ್ನು ಬೆರಳಿನಿಂದ ಸ್ಪರ್ಶಿಸಿ ಪರೀಕ್ಷಿಸತಕ್ಕದ್ದು. ಕೀಬೋರ್ಡು ಸೂಚಿಸಿದ ಪದವನ್ನು ಒತ್ತಿದಾಗ ವಿಳಾಸದ ಹಿಂದೆಯೇ ಒಂದು ಸ್ಪೇಸ್ ಸಹ ಸದ್ದಿಲ್ಲದೆ ಸೇರಿಕೊಳ್ಳುವುದುಂಟು. ಮನುಷ್ಯನ ಕಣ್ಣಿಗೆ ಏನೂ ಅಲ್ಲದ ಅದು ಸರ್ವರಿಗೆ ಒಂದು ಅಕ್ಷರವೇ ಆಗಿರುವುದರಿಂದ, ಅಭಾವವನ್ನೂ ವೈಶೇಷಿಕರು ಪದಾರ್ಥಗಳಲ್ಲಿ ಎಣಿಸಿದುದರ ಔಚಿತ್ಯವು ಇಲ್ಲಿ ಅನುಭವಕ್ಕೆ ಬರುವುದು.

ಫಲಶ್ರುತಿ: ಯಾವನು ಇದನ್ನೆಲ್ಲ ಸೋದರಳಿಯನ ನೆರವಿಲ್ಲದೆ ಸಾಧಿಸಿ, ತನ್ನ ಡೊಮೇನಿನ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರಿಗೆ ಅಧಿಕಾರವೆಂದು ಸಾರುವ ಎಸ್‌ಪಿಎಫ್ ದಾಖಲೆಯನ್ನೂ ಬರೆಸುವನೋ, ಅವನ ಪತ್ರಗಳು ಸ್ಪ್ಯಾಮಿನ ಪಾತಾಳಕ್ಕೆ ಬೀಳುವುದು ವಿರಳವಾಗುವುದು, ಅವನ ಕೀರ್ತಿಯು ಪೇಟೆಯಲ್ಲೆಲ್ಲ ಹಬ್ಬಿ, ಅಕ್ಕಪಕ್ಕದ ಅಂಗಡಿಯವರು ತಂತಮ್ಮ ಫೋನುಗಳನ್ನು ಹಿಡಿದು ಅವನ ಗಲ್ಲಾಪೆಟ್ಟಿಗೆಯ ಮುಂದೆ ಸಾಲುಗಟ್ಟುವರು. ಅಂದಿನಿಂದ ಅವರ ಇ-ಮೇಲ್ ಕೆಟ್ಟಾಗಲೆಲ್ಲ ದೂರುವುದಕ್ಕೆ ಇವನೊಬ್ಬನು ದೊರೆತಂತಾಗುವುದರಿಂದ, ಮೇಲೆ ನಿರೂಪಿಸಿದ ಲಕ್ಷಣಾನುಸಾರವಾಗಿ ಆ ಡೊಮೇನುಗಳು ಅವರ ಸ್ವಂತದ್ದಾಗಿ ಉಳಿಯದೆ, ಹಣವನ್ನು ಮಾತ್ರ ಅವರು ತೆರುತ್ತಿರಲಾಗಿ, ಸಮಸ್ತವೂ ಇವನದೇ ಆಗಿಬಿಡುವುದು.